ಜಗುಲಿಯಿಂದ ನಕ್ಷತ್ರಕ್ಕೆ

2024ರ ಜೂನ್. ಮಳೆಯಿಂದಾಗಿ ಆಟದ ಪಿರಿಯಡ್ ನನ್ನ ಪಾಲಿಗೆ ಬಂದಿತ್ತು. ಸಾಗರ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಜಗುಲಿಯಲ್ಲಿ ಒಂಬತ್ತನೆಯ ತರಗತಿಯವರನ್ನು ಕೂರಿಸಿ, ಸೂರ್ಯನಿಗೂ ಭೂಮಿಗೂ ನಡುವಿನ 15 ಕೋಟಿ ಕಿಲೋಮೀಟರನ್ನು 1 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ ಎಂದೆ. ಸೀಮೆಸುಣ್ಣದ ಗುರುತುಗಳು ಬಿದ್ದವು. ನೆಪ್ಚೂನ್ 30 ಸೆಂಟಿಮೀಟರಿಗೆ. 1977ರಲ್ಲಿ ಹೊರಟು ಸೆಕೆಂಡಿಗೆ 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ ನಾಸಾದ ನೌಕೆ ವಾಯೇಜರ್-1 ಸುಮಾರು 1 ಮೀಟರ್ 64 ಸೆಂಟಿಮೀಟರಿಗೆ, ಕಂಬದ ಬುಡದಲ್ಲಿ. ಅದರ ಹೊರಮೈಗೆ ಕೂರಿಸಿದ ಚಿನ್ನದ ಲೇಪದ ಧ್ವನಿತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡದ್ದೂ ಇದೆ ಎಂದಾಗ ಎಲ್ಲರೂ ಆ ಗುರುತಿನ ಸುತ್ತ ಬಾಗಿದರು.

ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ ದೂರ, ಅಂದರೆ ಬೆಳಕಿಗೇ ಅಲ್ಲಿಗೆ ತಲುಪಲು 4.24 ವರ್ಷ ಬೇಕು. ಜಗುಲಿಯ ಅಳತೆಯಲ್ಲಿ ಗುಣಿಸಿ ನೋಡಿದರೆ ಸುಮಾರು 2.7 ಕಿಲೋಮೀಟರ್! ಹೊಳೆಯಾಚೆಯ ಊರು. ಅಲ್ಲಿಂದ ದಿನವೂ ನಡೆದು ಬರುವವರು ಆ ಗುಂಪಿನಲ್ಲೇ ಇದ್ದರು. ವಾಯೇಜರ್ ವೇಗದಲ್ಲಿ ಅಷ್ಟು ದೂರಕ್ಕೆ 70 ಸಾವಿರಕ್ಕೂ ಹೆಚ್ಚು ವರ್ಷ ಬೇಕು.

"ಹಾಗಾದರೆ ವೇಗ ಹೆಚ್ಚಿಸಬೇಕು ಸರ್."

ವೇಗಕ್ಕೆ ಶಕ್ತಿ ಬೇಕು. ಶರಾವತಿ ವಿದ್ಯುದಾಗಾರದ ಹೆಸರು ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. 1 ಕಿಲೋ ತೂಕದ ವಸ್ತುವಿಗೆ ಬೆಳಕಿನ ಐದನೆಯ ಒಂದು ಭಾಗದಷ್ಟು ವೇಗ ಕೊಡಲು, ಎಳ್ಳಷ್ಟೂ ನಷ್ಟವಾಗದಿದ್ದರೂ, ಆ ವಿದ್ಯುದಾಗಾರದ 1035 ಮೆಗಾವಾಟ್ ಪೂರ್ತಿಯಾಗಿ ಮೂರು ವಾರ ಹರಿಯಬೇಕು. 1 ಗ್ರಾಮಿಗಾದರೆ ಅರ್ಧ ಗಂಟೆ ಸಾಕು. 2016ರಲ್ಲಿ ಪ್ರಕಟವಾದ ಬ್ರೇಕ್‌ಥ್ರೂ ಸ್ಟಾರ್‌ಶಾಟ್ ಯೋಜನೆ ಗ್ರಾಮ್ ತೂಕದ ನೌಕೆಯನ್ನು ಲೇಸರಿನಿಂದ ತಳ್ಳುವ ಕನಸು ಕಂಡದ್ದು ಇದಕ್ಕೇ. ಆ ವೇಗದಲ್ಲಿ ಧೂಳಿನ ಕಣ ತಾಗಿದರೂ ಪೆಟ್ಟು ದೊಡ್ಡದು. ನಿಲ್ಲಿಸಲು ಬ್ರೇಕೂ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ದುರಸ್ತಿಯ ಪ್ರಶ್ನೆ. 2023ರ ನವೆಂಬರಿನಲ್ಲಿ ವಾಯೇಜರ್-1 ಅರ್ಥವಾಗದ ಸಂಕೇತಗಳನ್ನು ಕಳಿಸತೊಡಗಿತು. ಒಂದು ಚಿಪ್ ಕೆಟ್ಟಿತ್ತು. ಎಂಜಿನಿಯರುಗಳು ಅದರಲ್ಲಿದ್ದ ಪ್ರೋಗ್ರಾಮನ್ನು ತುಂಡು ಮಾಡಿ ಸ್ಮೃತಿಕೋಶದ ಬೇರೆ ಬೇರೆ ಜಾಗಗಳಿಗೆ ಸಾಗಿಸಿದರು. ಆಜ್ಞೆ ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಏಪ್ರಿಲ್ 20ರಂದು ನೌಕೆ ಸರಿಯಾಗಿ ಮಾತಾಡಿತು. ಆ ಸುದ್ದಿ ಓದಿ ನನ್ನ ಕಣ್ಣು ತುಂಬಿತ್ತು. ಪ್ರಾಕ್ಸಿಮಾದ ಬಳಿ ಇಂಥ ಆರೈಕೆ ಸಾಧ್ಯವಿಲ್ಲ; ಪ್ರಶ್ನೆ ಹೋಗಿ ಉತ್ತರ ಬರಲು ಎಂಟೂವರೆ ವರ್ಷ. ಅಲ್ಲಿಗೆ ಹೋಗುವ ನೌಕೆ ತನ್ನ ಗಾಯಕ್ಕೆ ತಾನೇ ಮದ್ದು ಹಾಕಿಕೊಳ್ಳಬೇಕು. ಎಂಜಿನ್ನಿಗಿಂತ ಇದೇ ಕಷ್ಟದ ಕೆಲಸವೆಂದು ನನಗನ್ನಿಸುತ್ತದೆ.

ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಏನೋ ಕೂಡಿಸುತ್ತಿದ್ದಳು. "ಸರ್, ಬೆಳಕಿನ ಐದನೆಯ ಒಂದು ಭಾಗದ ವೇಗದ ಆ ನೌಕೆಯನ್ನು ಇವತ್ತೇ ಹಾರಿಸಿದರೆ ಅಲ್ಲಿಂದ ಮೊದಲ ಸಂದೇಶ ಬರುವಾಗ ನನಗೆ 39 ವರ್ಷ. ಅದನ್ನು ಓದುವ ಕೆಲಸ ನನಗೆ ಸಿಗುತ್ತದೆಯೇ?"

ಅಂಥ ನೌಕೆಯನ್ನು ಕಟ್ಟುವ ಕೆಲಸವೇ ಇನ್ನೂ ಬಾಕಿ ಇದೆಯಮ್ಮಾ, ಮೊದಲು ಅದಕ್ಕೆ ಹೋಗು ಎಂದೆ.