ಸಾಂತಾ ಮೋನಿಕಾದ ಖಾಲಿ ಹುಲ್ಲುಹಾಸು

ಲಾಸ್ ಏಂಜಲೀಸ್‌ಗೆ ಹೋದವರು ಹಾಲಿವುಡ್ ಬೆಟ್ಟದ ಬಿಳಿ ಅಕ್ಷರಗಳನ್ನು ನೋಡುತ್ತಾರೆ, ಡಿಸ್ನಿಲ್ಯಾಂಡ್‌ಗೆ ಒಂದು ದಿನ ತೆಗೆದಿಡುತ್ತಾರೆ, ನಮ್ಮವರಾದರೆ ಮಾಲಿಬುವಿನ ವೆಂಕಟೇಶ್ವರನ ಗುಡಿಗೂ ಹೋಗಿ ಬರುತ್ತಾರೆ. 2016ರ ಡಿಸೆಂಬರಿನಲ್ಲಿ ಅಕ್ಕನ ಮಗಳ ಮನೆಯಲ್ಲಿದ್ದಾಗ ನಾನೂ ಇದನ್ನೆಲ್ಲ ಮಾಡಿದೆ. ಆದರೆ ಮನಸ್ಸಿನಲ್ಲಿದ್ದ ಜಾಗ ಬೇರೆ. ಸಾಂತಾ ಮೋನಿಕಾದ ಪ್ಯಾಲಿಸೇಡ್ಸ್ ಪಾರ್ಕಿನಲ್ಲಿ ಕ್ರಿಸ್‌ಮಸ್ ಗೋದಲಿಗಳ, ಅಂದರೆ ಯೇಸುವಿನ ಹುಟ್ಟಿನ ಕಥೆ ಹೇಳುವ ಗೊಂಬೆಗಳ ದೃಶ್ಯಗಳ ವಿಚಾರವಾಗಿ ಕ್ರೈಸ್ತರಿಗೂ ನಾಸ್ತಿಕರಿಗೂ ನಡೆದ ಜಗಳದ ಸುದ್ದಿಯನ್ನು 2011ರಲ್ಲಿ ಓದಿದ್ದೆ. ಆ ಜಗಳ ಕೊನೆಗೆ ನೆಲದ ಮೇಲೆ ಏನು ಉಳಿಸಿತು ಎಂದು ಕಣ್ಣಾರೆ ನೋಡಬೇಕೆಂಬ ಆಸೆ ಅಂದಿನಿಂದ ಇತ್ತು.

ನಗರದ ಮಧ್ಯಭಾಗದಿಂದ ಸಾಂತಾ ಮೋನಿಕಾಗೆ ಎಕ್ಸ್‌ಪೋ ರೈಲು ಬಂದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಇಳಿದು ಕೊಲರಾಡೊ ಅವೆನ್ಯೂ ಹಿಡಿದು ನಡೆದರೆ ನೇರವಾಗಿ ಸಮುದ್ರದ ಕಟ್ಟೆಗೆ ಬರುತ್ತೇವೆ. ಅಲ್ಲಿ ಜಾತ್ರೆಯ ಗದ್ದಲ: ತಿರುಗುವ ಚಕ್ರ, ರೂಟ್ 66 ಹೆದ್ದಾರಿ ಮುಗಿಯುತ್ತದೆಂದು ಹೇಳುವ ಫಲಕ, ಅದರ ಕೆಳಗೆ ಫೋಟೊ ತೆಗೆಸಿಕೊಳ್ಳುವವರ ಸಾಲು. ಬಲಕ್ಕೆ ತಿರುಗಿದರೆ ಪಾರ್ಕ್. ಒಂದು ಬದಿ ಓಷನ್ ಅವೆನ್ಯೂ, ಇನ್ನೊಂದು ಬದಿ ಕಡಿದಾದ ಮಣ್ಣಿನ ದಂಡೆ, ಅದರಡಿ ಪೆಸಿಫಿಕ್ ಸಾಗರ. ಡಿಸೆಂಬರ್ ಎಂದರೂ ತೆಳು ಸ್ವೆಟರ್ ಸಾಕು. ತಾಳೆ ಜಾತಿಯ ಎತ್ತರದ ಮರಗಳ ಕೆಳಗೆ ಜನ ಓಡುತ್ತಿದ್ದರು. ಮನೆಯಿಲ್ಲದ ಕೆಲವರು ಗಂಟುಮೂಟೆಗಳೊಂದಿಗೆ ಬೆಂಚುಗಳ ಮೇಲೆ ಮಲಗಿದ್ದರು.

ವಿಲ್‌ಶೈರ್ ಬುಲೆವಾರ್ಡ್ ಬಂದು ಮುಗಿಯುವಲ್ಲಿ ಸಂತ ಮೋನಿಕಾಳ ಬಿಳಿಯ ಪ್ರತಿಮೆ ನಿಂತಿದೆ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಕಲಾವಿದರಿಗೆ ಕೆಲಸ ಕೊಡಲೆಂದು ಸರ್ಕಾರ ಆರಂಭಿಸಿದ ಯೋಜನೆಯಡಿ 1934ರಲ್ಲಿ ಯೂಜೀನ್ ಮೊರಾಹನ್ ಎಂಬ ಶಿಲ್ಪಿ ಇದನ್ನು ಮಾಡಿದರು. ಸಂತ ಅಗಸ್ಟೀನನ ತಾಯಿ ಈಕೆ. ದಾರಿ ತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಅತ್ತವಳು. ಊರಿಗೆ ಹೆಸರು ಬಂದದ್ದೂ ಅವಳಿಂದಲೇ. ಧರ್ಮವನ್ನು ಸರ್ಕಾರಿ ನೆಲದಿಂದ ದೂರ ಇಡಬೇಕೆಂಬ ಹೋರಾಟ ನಡೆದದ್ದು ಸರ್ಕಾರದ ಹಣದಲ್ಲಿ ಎದ್ದ ಒಬ್ಬ ಸಂತಳ ಎದುರಿನಲ್ಲೇ. ಇತಿಹಾಸದ ಪದರಗಳು ಇಷ್ಟು ದಟ್ಟವಾಗಿರುವ ಕಡೆ ಗೆರೆ ಎಳೆಯುವುದು ಸುಲಭವಲ್ಲ ಎಂದು ಆ ಪ್ರತಿಮೆಯ ಮುಂದೆ ನಿಂತಾಗ ನನಗೆ ಮನವರಿಕೆಯಾಯಿತು.

ಗೋದಲಿಗಳ ಕಥೆ 1953ರಲ್ಲಿ ಶುರುವಾಗುತ್ತದೆ. ಪ್ರತಿ ಡಿಸೆಂಬರಿನಲ್ಲಿ ಚರ್ಚುಗಳೂ ಸಂಘಗಳೂ ಸೇರಿ ಆಳೆತ್ತರದ ಗೊಂಬೆಗಳ ಹದಿನಾಲ್ಕು ದೃಶ್ಯಗಳನ್ನು ಈ ಹುಲ್ಲುಹಾಸಿನ ಮೇಲೆ ಸಾಲಾಗಿ ಇಡುತ್ತಿದ್ದವು. ಮರಿಯಳಿಗೆ ದೇವದೂತ ಕಾಣಿಸಿಕೊಂಡದ್ದು, ಬೆತ್ಲೆಹೇಮಿನ ದಾರಿ, ಕುರುಬರು, ಮೂಡಣ ದೇಶದ ಜೋಯಿಸರು. ಊರಿಗೆ ‘ಕ್ರಿಸ್‌ಮಸ್ ಕಥೆಯ ನಗರ’ ಎಂಬ ಹೆಸರೇ ಬಿತ್ತು. ಉದ್ಯಾನಗಳಲ್ಲಿ ಯಾರೂ ಕಾವಲಿಲ್ಲದ ಪ್ರದರ್ಶನ ಇಡಬಾರದೆಂದು ನಗರಸಭೆ ನಿಯಮ ಮಾಡಿದಾಗಲೂ ಡಿಸೆಂಬರಿಗೆ ಮಾತ್ರ ವಿನಾಯಿತಿ ಉಳಿಯಿತು. ಜಾಗ ಯಾರು ಬೇಕಾದರೂ ಕೇಳಬಹುದಿತ್ತು. ದಶಕಗಳ ಕಾಲ ಹೆಚ್ಚು ಜನ ಕೇಳಲಿಲ್ಲ, ಅಷ್ಟೆ.

ಆಮೇಲೆ ಒಬ್ಬ ನಾಸ್ತಿಕ ಕೇಳಿದ. ಗೋದಲಿಗಳ ಪಕ್ಕದಲ್ಲಿ ಅವನದೂ ಒಂದು ಫಲಕ ಬಂತು. 2011ರಲ್ಲಿ ಅರ್ಜಿಗಳು ಹೆಚ್ಚಾಗಿ ನಗರಸಭೆ ಲಾಟರಿ ಎತ್ತಿತು. ಇದ್ದ ಇಪ್ಪತ್ತೊಂದು ಜಾಗಗಳಲ್ಲಿ ಹದಿನೆಂಟು ನಾಸ್ತಿಕರಿಗೆ, ಎರಡು ಗೋದಲಿ ಸಮಿತಿಗೆ, ಒಂದು ಯಹೂದಿಗಳ ಹನುಕ್ಕಾ ಹಬ್ಬದ ದೀಪಸ್ತಂಭಕ್ಕೆ ಹೋದವು. ಸುಮಾರು ಅರವತ್ತು ವರ್ಷಗಳ ಸಾಲು ಎರಡು ಜಾಗಕ್ಕೆ ಕುಗ್ಗಿತು. ಗೆದ್ದವರು ತಮ್ಮ ಹದಿನೆಂಟನ್ನೂ ತುಂಬಿಸಲಿಲ್ಲ. ಹಲವು ಜಾಗಗಳನ್ನು ಖಾಲಿ ಬಿಟ್ಟರು.

ಈ ಕಥೆಯಲ್ಲಿ ನನ್ನನ್ನು ಅತಿ ಹೆಚ್ಚು ನೋಯಿಸುವುದು ಆ ಖಾಲಿ ಜಾಗಗಳು. ಎದುರು ಮಾತಾಡಲು ಜಾಗ ಕೇಳುವುದು ಹಕ್ಕು; ಇನ್ನೊಬ್ಬರು ಮಾತಾಡದಿರಲಿ ಎಂದು ಜಾಗ ಹಿಡಿದು ಸುಮ್ಮನಿರುವುದು ವಾದವಲ್ಲ. ಇನ್ನೊಂದು ಬೇಸರವೂ ಇದೆ. ಅಲ್ಲಿ ನಿಲ್ಲಿಸಿದ್ದ ಒಂದು ಫಲಕದಲ್ಲಿ ಎಲ್ಲ ಧರ್ಮಗಳೂ ಕಟ್ಟುಕಥೆಗಳ ಮೇಲೆ ನಿಂತಿವೆ ಎಂಬ ಮಾತನ್ನು ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಹೆಸರಿನಲ್ಲಿ ಹಾಕಿದ್ದರು. ಆ ಮಾತು ಜೆಫರ್ಸನ್‌ನದಲ್ಲ ಎಂದು ಅವನ ಮನೆ ಮಾಂಟಿಚೆಲ್ಲೊವನ್ನು ನೋಡಿಕೊಳ್ಳುವ ಸಂಶೋಧಕರೇ ಹೇಳುತ್ತಾರೆ. ಪುರಾವೆ ಕೇಳುವುದನ್ನೇ ಬಾಳಿನ ನಿಯಮ ಮಾಡಿಕೊಂಡವರು ಪುರಾವೆಯಿಲ್ಲದ ಮಾತನ್ನು ಎತ್ತಿ ನಿಲ್ಲಿಸಬಾರದಿತ್ತು. ಜೆಫರ್ಸನ್ ನಿಜವಾಗಿ ಬರೆದದ್ದು ಅದಕ್ಕಿಂತ ದೊಡ್ಡದು. ಧರ್ಮ ಮತ್ತು ಪ್ರಭುತ್ವದ ನಡುವಿನ ಗೋಡೆಯ ಬಗ್ಗೆ ಅವನು 1802ರಲ್ಲಿ ಪತ್ರ ಬರೆದದ್ದು ನಾಸ್ತಿಕರಿಗಲ್ಲ, ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯ ಬ್ಯಾಪ್ಟಿಸ್ಟ್ ಕ್ರೈಸ್ತರಿಗೆ. ಅಲ್ಲಿನ ಪ್ರಬಲ ಪಂಥದ ನೆರಳಿನಲ್ಲಿ ಬದುಕುತ್ತಿದ್ದ ಆ ಸಣ್ಣ ಗುಂಪಿಗೆ ಗೋಡೆ ರಕ್ಷಣೆಯಾಗಿತ್ತು. ಇದನ್ನು ಎರಡೂ ಕಡೆಯವರು ಮರೆತರು.

2012ರ ಜೂನ್‌ನಲ್ಲಿ ನಗರಸಭೆ ಡಿಸೆಂಬರಿನ ವಿನಾಯಿತಿಯನ್ನೇ ತೆಗೆದುಹಾಕಿತು. ಯಾರಿಗೂ ಇಲ್ಲ. ಗೋದಲಿ ಸಮಿತಿ ನ್ಯಾಯಾಲಯಕ್ಕೆ ಹೋಯಿತು. ಗದ್ದಲ ಎಬ್ಬಿಸಿದವರ ಕೈಗೆ ನಮ್ಮ ಬಾಯಿ ಮುಚ್ಚಿಸುವ ಅಧಿಕಾರ ಕೊಟ್ಟಂತಾಯಿತು ಎಂಬುದು ಅವರ ವಾದದ ತಿರುಳು. ಆ ನವೆಂಬರಿನಲ್ಲಿ ನ್ಯಾಯಾಧೀಶೆ ಆಡ್ರಿ ಕಾಲಿನ್ಸ್ ತಡೆಯಾಜ್ಞೆ ನಿರಾಕರಿಸಿದರು. 2015ರಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವೂ ನಗರಸಭೆಯ ಪರವಾಗಿ ತೀರ್ಪು ಕೊಟ್ಟಿತು. ನಿಯಮ ಯಾವ ವಿಚಾರವನ್ನೂ ಆರಿಸಿ ತಡೆಯುವುದಿಲ್ಲ, ಎಲ್ಲರಿಗೂ ಒಂದೇ ಎಂಬುದು ತೀರ್ಪಿನ ಸಾರ. ನನಗೆ ಅದು ಸರಿಯೆನಿಸುತ್ತದೆ. ಅರವತ್ತು ವರ್ಷದ ರೂಢಿ ಎಷ್ಟು ಪ್ರೀತಿಯದಾದರೂ, ಎಲ್ಲರ ನೆಲದ ಮೇಲೆ ಒಬ್ಬರಿಗೆ ಮೊದಲ ಹಕ್ಕು ತಂದುಕೊಡುವುದಿಲ್ಲ.

ಹಾಗೆಂದು ನಷ್ಟವೇ ಆಗಲಿಲ್ಲವೆಂದು ಹೇಳಲಾರೆ. ಬೆಂಚಿನಲ್ಲಿ ಕುಳಿತಿದ್ದ ವೃದ್ಧೆಯೊಬ್ಬರನ್ನು ಗೋದಲಿಗಳು ಎಲ್ಲಿರುತ್ತಿದ್ದವು ಎಂದು ಕೇಳಿದೆ. ಅವರು ಎದ್ದು ನಿಂತು ಕೈಚಾಚಿ ಉದ್ದಕ್ಕೂ ತೋರಿಸಿದರು. ಚಿಕ್ಕವರಿದ್ದಾಗ ಅಪ್ಪನ ಕೈಹಿಡಿದು ಒಂದೊಂದೇ ದೃಶ್ಯದ ಮುಂದೆ ನಿಲ್ಲುತ್ತಿದ್ದರಂತೆ. ತಾವು ಈಗ ಚರ್ಚಿಗೆ ಹೋಗುವವರಲ್ಲ, ಆದರೂ ಡಿಸೆಂಬರ್ ಬಂತೆಂದರೆ ಈ ಹುಲ್ಲು ಬೋಳಾಗಿ ಕಾಣುತ್ತದೆ ಎಂದರು. ಅವರ ದುಃಖಕ್ಕೆ ಯಾವ ಕಾನೂನಿನಲ್ಲೂ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ಅದನ್ನು ಯಾರಾದರೂ ಗೌರವದಿಂದ ಕೇಳಿಸಿಕೊಂಡಿದ್ದರೆ ಸಾಕಿತ್ತು.

ಗೊಂಬೆಗಳು ಬೀದಿಪಾಲಾಗಲಿಲ್ಲ. ಅಕ್ಕನ ಮಗಳೂ ನಾನೂ ನಗರಸಭೆಯ ನೀಲಿ ಬಸ್ಸಿನಲ್ಲಿ ಓಷನ್ ಪಾರ್ಕ್ ಬುಲೆವಾರ್ಡ್‌ಗೆ ಹೋದೆವು. ಅಲ್ಲಿನ ಒಂದು ಲೂಥರನ್ ಚರ್ಚಿನ ಆವರಣದಲ್ಲಿ, ಅವರದೇ ಸ್ವಂತ ನೆಲದಲ್ಲಿ, ಗೋದಲಿಗಳಿಗೆ ನೆಲೆ ಸಿಕ್ಕಿತ್ತು. ಹತ್ತಿರದಿಂದ ನೋಡಿದರೆ ಬಣ್ಣ ಮಾಸಿದ ಗೊಂಬೆಗಳಲ್ಲೂ ಭಕ್ತಿ ಇದೆ. ಯಾರೋ ವರ್ಷವರ್ಷವೂ ಬಟ್ಟೆ ಸರಿಮಾಡಿ ಉಡಿಸುತ್ತಾರೆ. ದಾರಿಹೋಕರು ನಿಂತು ನೋಡುತ್ತಿದ್ದರು. ಮಾಲಿಬುವಿನ ಗುಡಿಯೂ ಹೀಗೆಯೇ ಸ್ವಂತ ನೆಲದಲ್ಲಿದೆಯಲ್ಲ ಎಂದು ನೆನಪಾಯಿತು. ಆ ದೇಶದಲ್ಲಿ ಕೈಬೆರಳೆಣಿಕೆಯ ಹಿಂದೂಗಳಿಗೆ ಗೋಪುರ ಎತ್ತಲು ಧೈರ್ಯ ಕೊಟ್ಟದ್ದು, ಬ್ಯಾಪ್ಟಿಸ್ಟರನ್ನು ಕಾಪಾಡಿದ ಅದೇ ಗೋಡೆ.

ವಾಪಸ್ ರೈಲಿನಲ್ಲಿ ನಾನು ಅಕ್ಕನ ಮಗಳಿಗೆ ಹೇಳಿದೆ: “ನಿಷೇಧ ಇರುವುದು ಕಾವಲಿಲ್ಲದ ಪ್ರದರ್ಶನಕ್ಕೆ ಮಾತ್ರ. ಈಗಲೂ ಯಾರು ಬೇಕಾದರೂ ಆ ಪಾರ್ಕಿನಲ್ಲಿ ನಿಂತು ಹಾಡಬಹುದು, ಕರಪತ್ರ ಹಂಚಬಹುದು, ತಮ್ಮ ಫಲಕ ಹಿಡಿದು ನಿಲ್ಲಬಹುದು. ನ್ಯಾಯಾಲಯವೇ ಇದನ್ನು ಎತ್ತಿ ಹೇಳಿದೆ. ನನಗೆ ಇದೇ ಒಳ್ಳೆಯದೆನಿಸುತ್ತದೆ. ಫಲಕ ನೆಟ್ಟು ಮನೆಗೆ ಹೋಗುವುದಕ್ಕಿಂತ ತನ್ನ ಮಾತಿನ ಪಕ್ಕದಲ್ಲಿ ತಾನೇ ನಿಲ್ಲಲಿ.”

ಅವಳು ದೇವರನ್ನು ನಂಬುವುದಿಲ್ಲ. ಮನೆಯಲ್ಲಿ ಅದನ್ನು ಹೇಳಿಕೊಳ್ಳಲು ಅವಳಿಗೆ ಬಹಳ ಕಾಲ ಬೇಕಾಗಿತ್ತು. “ಚಿಕ್ಕಮ್ಮ, ಅದು ಹೆಚ್ಚು ಜನರಿರುವ ಕಡೆಯವರಿಗೆ ಸುಲಭ” ಎಂದಳು. “ಹಾಡುವವರು ಐವತ್ತು ಮಂದಿ ಬರುತ್ತಾರೆ. ದೇವರಿಲ್ಲ ಎನ್ನುವವನು ಒಬ್ಬನೇ ನಿಲ್ಲಬೇಕು. ಫಲಕಕ್ಕೆ ಕಲ್ಲು ಬಿದ್ದರೆ ಫಲಕ ಒಡೆಯುತ್ತದೆ. ಅವನಿಗೆ ಬಿದ್ದರೆ?”

ನಾನು ಅದನ್ನು ಯೋಚಿಸಿರಲಿಲ್ಲ. ಐವತ್ತು ಮಂದಿಯಲ್ಲಿ ಇಬ್ಬರಾದರೂ ಅವನ ಪಕ್ಕಕ್ಕೆ ಬಂದು ನಿಲ್ಲಬೇಕು ಎಂದೆ. ಹಾಗೆ ನಿಂತವರನ್ನು ನೀವು ಎಲ್ಲಾದರೂ ನೋಡಿದ್ದೀರಾ ಎಂದು ಕೇಳಿದಳು. ಇಳಿಯುವ ನಿಲ್ದಾಣ ಬರುವವರೆಗೂ ನಾವು ಅದನ್ನೇ ಮಾತಾಡಿದೆವು.