ನಾಳೆ ರಾತ್ರಿ ಎಂಟೂವರೆಗೆ ಕರೆಂಟ್ ಇರಲಿ

ಈಗ ಇಲ್ಲಿ ಶನಿವಾರ ರಾತ್ರಿ ಹತ್ತು ಗಂಟೆ. ತಾರೀಕು ಜುಲೈ 12, 2025. ಲಂಡನ್ನಿನ ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕು ಉಳಿದಿದೆ. ಅಲ್ಲಿ ನೀವೆಲ್ಲ ಕಂಬಳಿ ಹೊದ್ದು ಮಲಗಿದ್ದೀರಿ. ಹೆಂಚಿನ ಮೇಲೆ ಮಳೆ ಸುರಿಯುತ್ತಿರಬೇಕು. ನನಗೆ ಮಾತ್ರ ನಿದ್ದೆ ಬರುತ್ತಿಲ್ಲ. ನಾಳೆ ವಿಂಬಲ್ಡನ್ ಟೆನಿಸ್ ಗಂಡಸರ ಫೈನಲ್. ಯಾನಿಕ್ ಸಿನ್ನರ್ ಮತ್ತು ಕಾರ್ಲೋಸ್ ಅಲ್ಕರಾಜ್.

ಸಂಜೆ ಅಪ್ಪನಿಗೆ ಫೋನ್ ಮಾಡಿದ್ದೆ. ಕೊಡಗಿನ ನಮ್ಮ ಊರು ಶಾಂತಳ್ಳಿ ಕಡೆ ಮೂರು ದಿನದಿಂದ ಕರೆಂಟ್ ಬಂದು ಹೋಗಿ ಮಾಡುತ್ತಿದೆಯಂತೆ. ಬೆಳಿಗ್ಗೆ ತೋಟದ ತಿರುವಿನಲ್ಲಿ ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ದಿತ್ತು. ಲೈನ್‌ಮನ್ ಮಳೆಯಲ್ಲೇ ಬಂದು ಸರಿಮಾಡಿ ಹೋದರಂತೆ. "ಯುಪಿಎಸ್ ಬ್ಯಾಟರಿಗೆ ನೀರು ಹಾಕಿದ್ದೀನಿ ಪುಟ್ಟಿ, ಚಾರ್ಜ್ ಆಗ್ತಾ ಇದೆ" ಅಂದರು ಅಪ್ಪ. ತೋಟದ ಸುದ್ದಿ, ಕೊಳೆರೋಗದ ಸುದ್ದಿ, ಅಜ್ಜಿಯ ಕಾಲುನೋವಿನ ಸುದ್ದಿ ಎಲ್ಲ ಆಮೇಲೆ ಬಂತು.

ನಮ್ಮ ಮನೆಯಲ್ಲಿ ಯುಪಿಎಸ್ ಬಂದದ್ದೇ ವಿಂಬಲ್ಡನ್‌ನಿಂದ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

2008, ಜುಲೈ 6. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ. ಫೆಡರರ್ ಮತ್ತು ನಡಾಲ್ ಫೈನಲ್. ಆವತ್ತು ಲಂಡನ್ನಿನಲ್ಲಿಯೂ ಮಳೆ, ನಮ್ಮೂರಿನಲ್ಲಿಯೂ ಮಳೆ. ಆಗ ಫೈನಲ್ ನಡೆಯುವ ಸೆಂಟರ್ ಕೋರ್ಟಿಗೆ ಮೇಲೆ ಮುಚ್ಚಿಗೆ ಇರಲಿಲ್ಲ. ಮಳೆ ಬಂದರೆ ಹುಡುಗರು ಓಡಿ ಬಂದು ಹುಲ್ಲಿನ ಮೇಲೆ ಟಾರ್ಪಾಲ್ ಎಳೆಯುತ್ತಿದ್ದರು. ನಾವೂ ಕಣಕ್ಕೆ ಟಾರ್ಪಾಲ್ ಎಳೆಯುವವರೇ ಅಲ್ವಾ? ಅಪ್ಪನಿಗೆ ಅದನ್ನು ನೋಡುವುದೂ ಇಷ್ಟ. ಆಟ ಶುರುವಾಗುವುದೇ ತಡ ಆಯಿತು. ಮೂರನೇ ಸೆಟ್ಟಿನಲ್ಲಿ ನಿಂತಿತು. ಐದನೇ ಸೆಟ್ಟಿನಲ್ಲಿ 2–2 ಆಗಿದ್ದಾಗ ಮತ್ತೆ ನಿಂತಿತು. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ಅಮ್ಮ ಕೆಂಡದಲ್ಲಿ ಸುಟ್ಟ ಹಲಸಿನ ಬೀಜ ತಂದು ಇಟ್ಟು ಮಲಗಲು ಹೋದರು. ಅಜ್ಜಿ ಮಾತ್ರ ಕೂತೇ ಇದ್ದರು.

ಅಜ್ಜಿಗೆ ಇಬ್ಬರನ್ನೂ ಗುರುತು ಹಿಡಿಯುವುದು ಕಷ್ಟವಾಗಿತ್ತು. ಇಬ್ಬರದ್ದೂ ಬಿಳಿ ಬಟ್ಟೆ. ಇಬ್ಬರೂ ತಲೆಗೆ ಪಟ್ಟಿ ಕಟ್ಟಿದ್ದರು. ಕೊನೆಗೆ ಅಜ್ಜಿ ನಡಾಲ್‌ಗೆ "ತೋಳಿಲ್ಲದ ಅಂಗಿ ಹುಡುಗ" ಅಂತ ಹೆಸರಿಟ್ಟರು. ಆ ಚಳಿಯಲ್ಲಿ ತೋಳಿಲ್ಲದ ಅಂಗಿ ಹಾಕಿಕೊಂಡು ಆಡುತ್ತಾನಲ್ಲ ಅಂತ ಅವನ ಮೇಲೆ ಅಜ್ಜಿಗೆ ಕನಿಕರ. ಅಪ್ಪ ಫೆಡರರ್ ಕಡೆ. ಎರಡು ಸೆಟ್ ಸೋತಿದ್ದ ಫೆಡರರ್ ಮುಂದಿನ ಎರಡನ್ನೂ ಟೈಬ್ರೇಕರ್‌ನಲ್ಲಿ, ಅಂದರೆ ಗೇಮ್ ಸಮ ಆದಾಗ ಸೆಟ್ ತೀರ್ಮಾನಿಸುವ ಆಟದಲ್ಲಿ, ಗೆದ್ದಿದ್ದ. ಅಪ್ಪ ಆಗಲೇ ಎದ್ದು ನಿಂತಿದ್ದರು, ಆಮೇಲೆ ಕೂರಲೇ ಇಲ್ಲ.

ಐದನೇ ಸೆಟ್, 7–7. ಕರೆಂಟ್ ಹೋಯಿತು.

ಆ ಕತ್ತಲು ನನಗೆ ಇವತ್ತಿಗೂ ನೆನಪಿದೆ. ಯಾರೂ ಮಾತಾಡಲಿಲ್ಲ. ಮಳೆಯ ಸದ್ದು ಒಂದೇ. ಅಪ್ಪ ಲ್ಯಾಂಡ್‌ಲೈನ್ ಎತ್ತಿ ನೋಡಿದರು, ಅದೂ ಡೆಡ್. ಹತ್ತು ನಿಮಿಷ ಕಾದೆವು. ಅರ್ಧ ಗಂಟೆ ಕಾದೆವು. ಬೆಳಿಗ್ಗೆ ಸೆಲ್ ಹಾಕುವ ರೇಡಿಯೋದಲ್ಲಿ ವಾರ್ತೆ ಬಂದಾಗಲೇ ಗೊತ್ತಾಗಿದ್ದು: 9–7, ನಡಾಲ್. ನಮಗೆ ತಪ್ಪಿದ್ದು ಬರೀ ಎರಡು ಗೇಮ್. ಅಪ್ಪ ಏನೂ ಅನ್ನದೆ ಗಂಬೂಟ್ ಹಾಕಿಕೊಂಡು ತೋಟಕ್ಕೆ ಹೋದರು. ಅಜ್ಜಿ ಒಳಗಿಂದಲೇ ಕೇಳಿದರು, "ತೋಳಿಲ್ಲದ ಹುಡುಗ ಗೆದ್ದನಾ?"

ಆ ವರ್ಷದ ಕಾಫಿ ದುಡ್ಡು ಬಂದ ಮೇಲೆ ಮೊದಲು ಕೊಂಡಿದ್ದು ಯುಪಿಎಸ್. 2009ರಲ್ಲಿ ಸೆಂಟರ್ ಕೋರ್ಟಿಗೂ ಬೇಕಾದಾಗ ಎಳೆದು ಮುಚ್ಚುವ ಛಾವಣಿ ಬಂತು. ಆ ಸುದ್ದಿ ಪೇಪರಿನಲ್ಲಿ ಓದಿ ಅಪ್ಪ ತುಂಬ ಖುಷಿಪಟ್ಟಿದ್ದರು. ಆದರೆ ಆವತ್ತು ತಪ್ಪಿದ ಆ ಎರಡು ಗೇಮ್ ಲೆಕ್ಕ ನನ್ನ ಮತ್ತು ಅಪ್ಪನ ಮಧ್ಯೆ ಹಾಗೇ ಉಳಿದಿದೆ. ಒಂದು ದೊಡ್ಡ ಫೈನಲ್ ಅನ್ನು ಮೊದಲ ಪಾಯಿಂಟಿನಿಂದ ಕೊನೆಯ ಪಾಯಿಂಟಿನ ತನಕ ಇಬ್ಬರೂ ಒಟ್ಟಿಗೆ ನೋಡಬೇಕು. ಅಷ್ಟೇ ಆಸೆ. ಆಮೇಲೆ ನಾನು ನರ್ಸಿಂಗ್ ಓದಲು ಹೊರಟೆ, ಹಾಸ್ಟೆಲ್, ಡ್ಯೂಟಿ, ಕೊನೆಗೆ ಈ ದೇಶ. ಒಂದಲ್ಲ ಒಂದು ತಪ್ಪುತ್ತಲೇ ಬಂತು.

ಹೋದ ತಿಂಗಳೂ ತಪ್ಪಿತು. ಜೂನ್ 8, ಪ್ಯಾರಿಸ್‌ನಲ್ಲಿ ಫ್ರೆಂಚ್ ಓಪನ್ ಫೈನಲ್, ಇದೇ ಇಬ್ಬರು. ಅಂಥ ಆಟವನ್ನು ನಾನು ನೋಡಿಲ್ಲ. ಸಿನ್ನರ್ ಎರಡು ಸೆಟ್ ಗೆದ್ದಿದ್ದ. ನಾಲ್ಕನೇ ಸೆಟ್ಟಿನಲ್ಲಿ 5–3, ಅಲ್ಕರಾಜ್ ಸರ್ವ್, 0–40. ಮೂರು ಪಾಯಿಂಟಿನಲ್ಲಿ ಒಂದು ಬಂದರೆ ಸಾಕು, ಕಪ್ ಸಿನ್ನರ್‌ದು. ಮೂರನ್ನೂ ಅಲ್ಕರಾಜ್ ಉಳಿಸಿಕೊಂಡ. ಐದನೇ ಸೆಟ್ ಟೈಬ್ರೇಕರ್‌ಗೆ ಹೋಯಿತು, ಅಲ್ಲಿ 10–2. ಒಟ್ಟು 5 ಗಂಟೆ 29 ನಿಮಿಷ. ಪ್ಯಾರಿಸ್‌ನಲ್ಲಿ ಇಷ್ಟು ಉದ್ದದ ಫೈನಲ್ ಹಿಂದೆ ನಡೆದೇ ಇರಲಿಲ್ಲ. ನನಗೆ ನೈಟ್ ಶಿಫ್ಟ್ ಇತ್ತು. ಐದನೇ ಸೆಟ್ಟನ್ನು ಬಸ್ಸಿನಲ್ಲಿ ಫೋನ್ ಹಿಡಿದು ನೋಡಿದೆ. ಟೈಬ್ರೇಕರ್ ಹೊತ್ತಿಗೆ ಫೋನ್ ಲಾಕರಿನಲ್ಲಿ, ನಾನು ವಾರ್ಡಿನಲ್ಲಿ. ಅಪ್ಪನ ಮೆಸೇಜ್ ಓದಿದ್ದು ರಾತ್ರಿ ಎರಡು ಗಂಟೆಗೆ: "ನಿನ್ನ ಹುಡುಗ ಗೆದ್ದ. ನಾನು ಮಲಗುತ್ತೇನೆ."

ಹೌದು, ನಾನು ಅಲ್ಕರಾಜ್ ಕಡೆ. ಅಪ್ಪ ಸಿನ್ನರ್ ಕಡೆ.

ಅಪ್ಪನ ಕಾರಣ ನನಗೆ ಅರ್ಥವಾಗುತ್ತದೆ. ಸಿನ್ನರ್ ಇಟಲಿಯ ಉತ್ತರ ತುದಿಯ ಬೆಟ್ಟದ ಹುಡುಗ. ಚಿಕ್ಕವನಿದ್ದಾಗ ಹಿಮದಲ್ಲಿ ಸ್ಕೀಯಿಂಗ್ ಮಾಡುತ್ತಿದ್ದ, ಅದರಲ್ಲೇ ದೊಡ್ಡ ಆಟಗಾರನಾಗಬಹುದಿತ್ತು. ಅವನ ಅಪ್ಪ ಅಡುಗೆ ಕೆಲಸದಲ್ಲಿದ್ದವರು. ಪುಷ್ಪಗಿರಿಯ ಬುಡದಲ್ಲಿ ಕೂತು ನೋಡುವ ನಮ್ಮಪ್ಪನಿಗೆ ಬೆಟ್ಟದವನು ಅಂದರೆ ನಮ್ಮವನೇ. ಇನ್ನೊಂದು, ಅವನು ಕಿರುಚುವುದಿಲ್ಲ. ರ‍್ಯಾಕೆಟ್ ಎಸೆಯುವುದಿಲ್ಲ. ಕೆಲಸ ಮಾಡುವ ಹಾಗೆ ಆಡುತ್ತಾನೆ ಅನ್ನುತ್ತಾರೆ ಅಪ್ಪ.

ಅಲ್ಕರಾಜ್ ಸ್ಪೇನಿನ ಮುರ್ಸಿಯಾ ಕಡೆಯವನು, ಈಗ 22 ವರ್ಷ. ಅವನಿಗೆ ಆಟ ಅಂದರೆ ಸಂತೋಷ, ಅದು ಮುಖದಲ್ಲೇ ಕಾಣುತ್ತದೆ. ಜೋರಾಗಿ ಹೊಡೆಯುತ್ತಾನೆ ಅಂತ ಎದುರಿನವನು ಹಿಂದೆ ಸರಿದಾಗ ಚೆಂಡನ್ನು ನೆಟ್ಟಿನ ಪಕ್ಕ ಮೆತ್ತಗೆ ಇಳಿಸಿಬಿಡುತ್ತಾನೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಂ ಅನ್ನುತ್ತದೆ. 2023, 2024 ಎರಡೂ ವರ್ಷ ಇಲ್ಲಿ ಜೊಕೊವಿಚ್‌ನನ್ನು ಸೋಲಿಸಿ ಗೆದ್ದವನು. ನಾಳೆಯೂ ಗೆದ್ದರೆ ಸತತ ಮೂರು. 1968ರಿಂದ ಈಚಿನ ಓಪನ್ ಯುಗದ ಗಂಡಸರಲ್ಲಿ ಅದನ್ನು ಮಾಡಿದವರು ಬೋರ್ಗ್, ಸಾಂಪ್ರಾಸ್, ಫೆಡರರ್, ಜೊಕೊವಿಚ್ ಮಾತ್ರ. ಇಬ್ಬರ ನಡುವಿನ ಲೆಕ್ಕದಲ್ಲೂ ಅವನೇ ಮುಂದೆ, 8–4. ಕಡೆಯ ಐದೂ ಅವನದ್ದೇ. ಈಗ 24 ಪಂದ್ಯಗಳಿಂದ ಸೋತಿಲ್ಲ.

"ಹುಲ್ಲಿನ ಮೇಲೆ ಯಾರು ಗೆದ್ದಿದ್ದು ಹೇಳು?" ಅಂತ ಅಪ್ಪ ಕೇಳಿದರು. ಅದೂ ನಿಜ. ಹುಲ್ಲಿನ ಮೇಲೆ ಇವರು ಎದುರಾಗಿದ್ದು ಒಂದೇ ಸಲ, 2022ರಲ್ಲಿ ಇಲ್ಲೇ. ಸಿನ್ನರ್ ಗೆದ್ದಿದ್ದ.

ನನಗೆ ಚಿಂತೆ ಇರುವುದು ಸಿನ್ನರ್‌ನ ಮೊಣಕೈ ಬಗ್ಗೆ. ಹೋದ ಸೋಮವಾರ ರಜೆ ಇತ್ತು, ಮೈದಾನದೊಳಗಿನ ಗುಡ್ಡದ ಮೇಲೆ ಕೂತು ದೊಡ್ಡ ಪರದೆಯಲ್ಲಿ ಸಿನ್ನರ್–ಡಿಮಿಟ್ರೊವ್ ಪಂದ್ಯ ನೋಡಿದೆ. ಶುರುವಿನಲ್ಲೇ ಸಿನ್ನರ್ ಜಾರಿ ಬಿದ್ದು ಬಲ ಮೊಣಕೈಗೆ ಪೆಟ್ಟಾಯಿತು. ಎರಡು ಸೆಟ್ ಸೋತ. ಮೂರನೆಯದರಲ್ಲಿ ಡಿಮಿಟ್ರೊವ್ ಸರ್ವ್ ಮಾಡಿ ಎದೆ ಹಿಡಿದುಕೊಂಡು ಕೂತುಬಿಟ್ಟ. ಎದೆಯ ಸ್ನಾಯು ಹರಿದಿತ್ತು. ಗುಡ್ಡದ ಮೇಲಿನ ಜನ ಒಮ್ಮೆಗೇ ಸುಮ್ಮನಾದರು. ಸಿನ್ನರ್ ನೆಟ್ ದಾಟಿ ಅವನ ಹತ್ತಿರ ಹೋದ. ಪಂದ್ಯ ತನ್ನದಾಯಿತು ಅನ್ನುವ ಖುಷಿ ಅವನ ಮುಖದಲ್ಲಿ ಚೂರೂ ಇರಲಿಲ್ಲ. ಅಪ್ಪ ಆವತ್ತೇ ಪೂರ್ತಿ ಸಿನ್ನರ್ ಪಾರ್ಟಿಯಾದರು. ನಾನೂ ಆ ರಾತ್ರಿ ಸ್ವಲ್ಪ ಅಲ್ಲಾಡಿದೆ. ಆಮೇಲೆ ಅವನು ಬಲಗೈಗೆ ಬಿಳಿ ಸ್ಲೀವ್ ಹಾಕಿಕೊಂಡು ಬಂದ. ಸೆಮಿಫೈನಲ್‌ನಲ್ಲಿ ಜೊಕೊವಿಚ್‌ಗೆ ಒಂದು ಸೆಟ್ಟೂ ಕೊಡಲಿಲ್ಲ. ಆದರೂ ನರ್ಸ್ ಆಗಿರುವುದರಿಂದಲೋ ಏನೋ, ಅವನು ಸರ್ವ್ ಮಾಡುವಾಗಲೆಲ್ಲ ನನ್ನ ಕಣ್ಣು ಆ ಕೈಗೇ ಹೋಗುತ್ತದೆ.

ಒಂದೇ ವರ್ಷ ಪ್ಯಾರಿಸ್, ವಿಂಬಲ್ಡನ್ ಎರಡೂ ಫೈನಲ್‌ಗಳಲ್ಲಿ ಅದೇ ಇಬ್ಬರು ಗಂಡಸರು ಎದುರಾಗುವುದು 2008ರ ನಂತರ ಇದೇ ಮೊದಲು. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಈ ಸಲ ಪೂರ್ತಿ ನೋಡಲೇಬೇಕು" ಅಂದರು.

ಕೊಡಗಿನಲ್ಲಿ ಹಾಕಿ ಬಿಟ್ಟರೆ ಬೇರೆ ಆಟ ಯಾರು ನೋಡುತ್ತಾರೆ ಅಂತ ಇಲ್ಲಿನ ಕನ್ನಡದ ಗೆಳತಿಯೊಬ್ಬಳು ಕೇಳಿದಳು. ಹಾಕಿ ನಮ್ಮ ಪ್ರಾಣ, ನಿಜ. 1997ರಿಂದ ಕೊಡವ ಮನೆತನಗಳ ಹಾಕಿ ಹಬ್ಬ ನಡೆಯುತ್ತಿದೆ, ಅದು ಬಂದರೆ ಇಡೀ ಜಿಲ್ಲೆ ಮೈದಾನದಲ್ಲಿರುತ್ತದೆ. ಆದರೆ ರೋಹನ್ ಬೋಪಣ್ಣ ನಮ್ಮ ಜಿಲ್ಲೆಯವರು, ಕಾಫಿ ಬೆಳೆಗಾರರ ಮಗ. 2024ರ ಜನವರಿ 27ರಂದು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಅದು ಕೊಯ್ಲಿನ ಸಮಯ. ಸಂಜೆ ಹಣ್ಣು ಅಳೆಯುವುದನ್ನು ಅರ್ಧಕ್ಕೆ ಬಿಟ್ಟು ಅಪ್ಪ, ತೋಟದ ಲೆಕ್ಕ ಬರೆಯುವ ರೈಟರ್, ಕೆಲಸದವರು ಎಲ್ಲ ನಮ್ಮ ಜಗಲಿಯಲ್ಲಿ ನಿಂತು ಟಿ.ವಿ. ನೋಡಿದರಂತೆ. ಅಜ್ಜಿಗೆ ಟೆನಿಸ್ ಅಂದರೆ ಇವತ್ತಿಗೂ "ಬೋಪಣ್ಣನ ಆಟ".

ನಾಳೆಯೂ ಮನೆ ತುಂಬ ಜನ. ಪಕ್ಕದ ತೋಟದ ಮಾವ ಬರುತ್ತಾರೆ. ತಮ್ಮ ಮೈಸೂರಿನಿಂದ ಬಂದಿದ್ದಾನೆ, ಅವನು ನನ್ನ ಕಡೆ. ಅಮ್ಮ ಅಕ್ಕಿ ರೊಟ್ಟಿ, ಕಳಲೆ ಪಲ್ಯ ಮಾಡುತ್ತಾರಂತೆ. ಅದನ್ನು ಕೇಳಿದಾಗ ಒಂದು ಕ್ಷಣ ವಿಂಬಲ್ಡನ್ನೂ ಬೇಡ ಏನೂ ಬೇಡ ಅನ್ನಿಸಿತು. ಇಲ್ಲಿ ಸ್ಟ್ರಾಬೆರಿ ಮತ್ತು ಕೆನೆ ಸಿಗುತ್ತದೆ. 2010ರಿಂದ 2.50 ಪೌಂಡ್ ಇದ್ದದ್ದು ಈ ವರ್ಷ 2.70 ಆಗಿದೆ. ನಮ್ಮ ದುಡ್ಡಿನಲ್ಲಿ 300 ರೂಪಾಯಿಗಿಂತ ಜಾಸ್ತಿ. ಅಮ್ಮನಿಗೆ ಹೇಳಿದರೆ, "ಒಂದು ಬಟ್ಟಲಿಗಾ?" ಅಂತ ಎರಡು ಸಲ ಕೇಳಿದರು.

ನಾಳೆಯ ರಜೆಗೆ ನಾನು ಎರಡು ನೈಟ್ ಶಿಫ್ಟ್ ಬದಲಿ ಕೊಟ್ಟಿದ್ದೇನೆ. ಸೆಂಟರ್ ಕೋರ್ಟ್ ಟಿಕೆಟ್ ಇಲ್ಲ. ಸುಮಾರು 15,000 ಜನ ಹಿಡಿಯುವ ಜಾಗ ಅದು, ಆದರೆ ಕಡೆಯ ನಾಲ್ಕು ದಿನ ಅದರ ಟಿಕೆಟ್ ಕ್ಯೂನಲ್ಲಿ ಕೊಡುವುದಿಲ್ಲ. ಒಳಗೆ ಹೋಗುವ ಗ್ರೌಂಡ್ ಪಾಸ್ ಕೊಡುತ್ತಾರೆ. ಬೆಳಿಗ್ಗೆಯೇ ಪಾರ್ಕಿನಲ್ಲಿ ಕ್ಯೂ ನಿಂತು, ನಂಬರ್ ಬರೆದ ಕಾರ್ಡ್ ತೆಗೆದುಕೊಂಡು, ಒಳಗೆ ಹೋಗಿ ಗುಡ್ಡದ ಮೇಲೆ ಜಾಗ ಹಿಡಿಯಬೇಕು. ಈ ಕ್ಯೂ ಬಗ್ಗೆ ನನಗೆ ಬಹಳ ಗೌರವ. ಮುನ್ನುಗ್ಗುವವರೇ ಇಲ್ಲ. ರಾತ್ರಿಯೇ ಟೆಂಟ್ ಹಾಕಿ ಮಲಗಿದವರು, ಹೊಸಬರಿಗೆ ಚಹಾ ಕೊಡುವ ಅಜ್ಜಂದಿರು, ಸಿನ್ನರ್‌ನ ಕೆಂಪು ಕೂದಲಿಗಾಗಿ ಕಿತ್ತಳೆ ಬಟ್ಟೆ ಹಾಕಿದ ಹುಡುಗರು. ಸೋಮವಾರ ನನ್ನ ಪಕ್ಕ ನಿಂತ ವಯಸ್ಸಾದ ಹೆಂಗಸೊಬ್ಬರು 2008ರ ಫೈನಲ್ ದಿನ ಗುಡ್ಡದ ಮೇಲೆ ನೆನೆಯುತ್ತ ಕೂತಿದ್ದರಂತೆ. ಕತ್ತಲಾಗುತ್ತ ಬಂದಿದ್ದರೂ ಯಾರೂ ಎದ್ದಿರಲಿಲ್ಲವಂತೆ. ಕೊನೆಯ ಎರಡು ಗೇಮ್ ಹೇಗಿತ್ತು ಅಂತ ಕೇಳಿದೆ. ಅವರು ಒಂದೊಂದು ಪಾಯಿಂಟ್ ಕೈಯಲ್ಲಿ ತೋರಿಸಿ ಹೇಳಿದರು. ಅದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು "ಹೂಂ, ಆಮೇಲೆ?" ಅನ್ನುತ್ತ ಪೂರ್ತಿ ಕೇಳಿಸಿಕೊಂಡರು.

ಇಲ್ಲಿ ನಾಲ್ಕು ಗಂಟೆಗೆ ಆಟ ಶುರು, ನಿಮಗೆ ರಾತ್ರಿ ಎಂಟೂವರೆ. ಯುಪಿಎಸ್ ನಾಲ್ಕು ಗಂಟೆ ತಡೆಯುತ್ತದೆ. ಪ್ಯಾರಿಸ್ ಹಾಗೆ ಐದೂವರೆ ಗಂಟೆ ಎಳೆದರೆ? ಅದಕ್ಕೂ ಅಪ್ಪ ಯೋಚನೆ ಮಾಡಿದ್ದಾರೆ. ಟಿ.ವಿ., ಡಿಶ್ ಪೆಟ್ಟಿಗೆ ಬಿಟ್ಟು ಬೇರೆ ಏನೂ ಉರಿಸುವಂತಿಲ್ಲ. ಊಟ ಲಾಟೀನಿನ ಬೆಳಕಿನಲ್ಲಿ. ಜೋರು ಮಳೆಗೆ ಡಿಶ್ ಸಿಗ್ನಲ್ ಹೋದರೆ ನಾನು ಫೋನಿನಲ್ಲಿ ಒಂದೊಂದು ಪಾಯಿಂಟ್ ಹೇಳಬೇಕು. ಅದಕ್ಕೆ ಎರಡು ಪವರ್ ಬ್ಯಾಂಕ್ ಚಾರ್ಜಿಗೆ ಹಾಕಿದ್ದೇನೆ.

ಒಂದು ತೊಂದರೆ ಇದೆ. ಸೋಮವಾರ ಫೋನ್ ಸ್ಪೀಕರಿನಲ್ಲಿಟ್ಟು ನೋಡಿದಾಗ ಗೊತ್ತಾಯಿತು, ಮನೆಯ ಟಿ.ವಿ. ಇಲ್ಲಿನ ಪರದೆಗಿಂತ ಕೆಲವು ಸೆಕೆಂಡ್ ಹಿಂದೆ. ನಾನು ಇಲ್ಲಿ ಕೂಗಿದರೆ ಅಲ್ಲಿ ಚೆಂಡು ಇನ್ನೂ ಗಾಳಿಯಲ್ಲಿರುತ್ತದೆ. ಅಪ್ಪನಿಗೆ ಪಾಯಿಂಟ್ ಮೊದಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಒಪ್ಪಂದ ಮಾಡಿಕೊಂಡಿದ್ದೇವೆ. ಸುತ್ತ ಸಾವಿರಾರು ಜನ ಎದ್ದು ಕುಣಿದರೂ ನಾನು ಫೋನ್ ಮುಚ್ಚಿ ಹಿಡಿದು ಬಾಯಿ ಬಿಗಿಹಿಡಿದು ಕೂರುತ್ತೇನೆ. ಶಾಂತಳ್ಳಿಯಿಂದ ಅಪ್ಪನ ದನಿ ಕೇಳಿದ ಮೇಲೆಯೇ ನಾನು ಕೂಗುವುದು.