ಗಲ್ಲಾದ ಹಿಂದೆ ಕುಳಿತ ದಿನ

ಮೈಸೂರಿನ ಕುವೆಂಪುನಗರದಲ್ಲಿ ನನ್ನ ಅಕ್ಕ, ಭಾವ ನಡೆಸುವ ದಿನಸಿ ಅಂಗಡಿ ತೀರ ಚಿಕ್ಕದು. ಮುಂದೆ ಹಾಲು, ಮೊಸರಿನ ಕ್ರೇಟುಗಳು, ಪಕ್ಕದಲ್ಲಿ ಸೊಪ್ಪು ಮತ್ತು ಒಂದಿಷ್ಟು ತರಕಾರಿ, ಒಳಗೆ ಅಕ್ಕಿ, ಬೇಳೆ, ಎಣ್ಣೆ, ಸೋಪು, ಬಿಸ್ಕತ್ತು. ಸುತ್ತಲಿನ ನಾಲ್ಕಾರು ರಸ್ತೆಗಳ ಮನೆಗಳಿಗೆ ಹೊತ್ತಿಗಿಷ್ಟು ಒದಗಿಸುವ ಅಂಗಡಿ. ಶ್ರಾವಣದ ಒಂದು ಶನಿವಾರ ಭಾವನವರು ಪಾಂಡವಪುರದ ನೆಂಟರ ಗೃಹಪ್ರವೇಶಕ್ಕೆ ಹೊರಟಾಗ ಅಕ್ಕನಿಗೆ ಜೊತೆಯಾಗಿ ನಾನು ಅಲ್ಲಿ ಕುಳಿತೆ. ಬಟ್ಟೆಚೀಲ ಹಿಡಿದು ಅಂಗಡಿಗೆ ಹೋಗುವುದು ನನಗೆ ಬಹಳ ವರ್ಷಗಳ ರೂಢಿ. ಆದರೆ ಮಾರುವವರ ಬದಿಯಿಂದ ನೋಡುವ ಅವಕಾಶ ಒದಗಿದ್ದು ಆ ದಿನವೇ, ಮತ್ತು ಪ್ಲಾಸ್ಟಿಕ್ ಕವರ್‌ಗಳು ಎಲ್ಲಿಂದ, ಯಾವ ಗಳಿಗೆಯಲ್ಲಿ, ಯಾರ ಕೈಯಿಂದ ಹೊರಗೆ ಹೋಗುತ್ತವೆ ಎಂಬುದು ನನಗೆ ಸ್ಪಷ್ಟವಾದದ್ದೂ ಆ ದಿನವೇ.

ಬೆಳಗಿನ ಆರರಿಂದ ಎಂಟರವರೆಗಿನ ಗಿರಾಕಿಗಳಲ್ಲಿ ಹೆಚ್ಚಿನವರು ವಾಕಿಂಗ್ ಮುಗಿಸಿ ಬರಿಗೈಯಲ್ಲಿ ಬಂದವರು. ಎರಡು ಪ್ಯಾಕೆಟ್ ಹಾಲು, ಒಂದು ಕಟ್ಟು ಕೊತ್ತಂಬರಿ, ಹತ್ತು ರೂಪಾಯಿಯ ಹಸಿಮೆಣಸಿನಕಾಯಿ. ಹಾಲಿನ ಪ್ಯಾಕೆಟ್ ತಣ್ಣಗೆ ನೀರೊಸರುತ್ತಿರುತ್ತದೆ, ಸೊಪ್ಪಿನ ಬೇರಿನಲ್ಲಿ ಮಣ್ಣಿರುತ್ತದೆ, ಹಸಿಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೋಗಲಾಗುವುದಿಲ್ಲ. ಕವರ್ ಕೊಡದಿದ್ದರೆ ಅವರು ಹೇಗೆ ಒಯ್ಯಬೇಕು? ನಾನು ಒಬ್ಬರಿಗೆ "ಕವರ್ ಇಲ್ಲದೆ ಆಗಬಹುದಾ ಸರ್?" ಎಂದು ಕೇಳಿದಾಗ ಅವರು ಸಿಟ್ಟೇನೂ ಮಾಡಿಕೊಳ್ಳದೆ, "ಇಷ್ಟೆಲ್ಲ ಕೈಯಲ್ಲಿ ಹೇಗಮ್ಮ ತಗೊಂಡ್ ಹೋಗೋದು? ಮೊದಲೇ ಹೇಳಿದ್ರೆ ಮನೆಯಿಂದ ಚೀಲ ತರ್ತಿದ್ದೆ" ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಸಾಮಾನುಗಳೆಲ್ಲ ಮೇಜಿನ ಮೇಲೆ ಗುಡ್ಡೆಯಾದ ಮೇಲೆ ಕೇಳುವ ಪ್ರಶ್ನೆಗೆ ಉತ್ತರ ಒಂದೇ. ಕೊಳ್ಳುವವರು ಅಂಗಡಿಯ ಮೆಟ್ಟಿಲು ಹತ್ತುವ ಮುನ್ನವೇ ಚೀಲದ ವಿಚಾರ ತೀರ್ಮಾನವಾಗಿರುತ್ತದೆ. ಅಂಗಡಿಯಲ್ಲಿ ನಡೆಯುವುದು ಆ ತೀರ್ಮಾನದ ಜಾರಿ ಮಾತ್ರ.

ಹತ್ತು ಗಂಟೆಯ ನಂತರ ವ್ಯಾಪಾರ ಇಳಿಮುಖವಾದಾಗ ಅಕ್ಕ ಒಳಗಿನಿಂದ ತೊಗರಿಬೇಳೆಯ ಮೂಟೆ ಬಿಚ್ಚಿ ಅರ್ಧ ಕಿಲೋ, ಕಾಲು ಕಿಲೋ ಲೆಕ್ಕದಲ್ಲಿ ತೂಗಿ ಕವರ್‌ಗಳಲ್ಲಿ ತುಂಬಿ ಗಂಟು ಹಾಕಲು ಕುಳಿತಳು. ಕಡಲೆಬೇಳೆ, ಹೆಸರುಕಾಳು, ರವೆ, ಸಕ್ಕರೆ, ಬೆಲ್ಲ, ನೂರು ಗ್ರಾಂ ಜೀರಿಗೆ, ಐವತ್ತು ಗ್ರಾಂ ಸಾಸಿವೆ, ಹೀಗೆ ಸಾಲಾಗಿ. ನಾನೂ ಕೈಜೋಡಿಸಿದೆ. ಸಂಜೆಯ ನೂಕುನುಗ್ಗಲಿನಲ್ಲಿ ಒಬ್ಬೊಬ್ಬರಿಗೂ ತೂಗಿ ಕೊಡುತ್ತಾ ನಿಂತರೆ ಉಳಿದವರು ಕಾಯದೆ ಮುಂದಿನ ಅಂಗಡಿಗೆ ಹೋಗುತ್ತಾರೆ ಎಂಬುದು ಅಕ್ಕನ ವಿವರಣೆ. ಅವಳ ಮುಂದೆ ಗಂಟು ಬಿಗಿದ ಪುಟ್ಟ ಕವರ್‌ಗಳ ರಾಶಿ ಬೆಳೆಯುವುದನ್ನು ನೋಡುತ್ತಿದ್ದಾಗ ನನ್ನೊಳಗೆ ನಿಜವಾದ ಕಳವಳ ಹುಟ್ಟಿತು. ನಾವು ಚೀಲ ಹಿಡಿದುಕೊಂಡು ಹೋಗಿ ತಪ್ಪಿಸುವುದು ಎಲ್ಲವನ್ನೂ ಸೇರಿಸಿ ಕೊಡುವ ಹಿಡಿಕೆಯ ಹೊರಕವರ್ ಒಂದನ್ನು. ಅದರ ಒಳಗೆ ಏಳೆಂಟು ತೆಳು ಕವರ್‌ಗಳು ಗಿರಾಕಿ ಬರುವುದಕ್ಕೂ ಎಷ್ಟೋ ಹೊತ್ತು ಮುಂಚೆಯೇ ಬಳಕೆಯಾಗಿಹೋಗಿರುತ್ತವೆ. ಬೇಡ ಎನ್ನುವ ಅವಕಾಶವೇ ಅಲ್ಲಿ ಯಾರಿಗೂ ಇಲ್ಲ.

ಕಾನೂನಿನ ಗಮನವೂ ಬಹುಪಾಲು ಹೊರಕವರ್‌ನ ಮೇಲೆಯೇ ನೆಟ್ಟಿದೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್, ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಮೊದಲಾದವುಗಳನ್ನು, ದಪ್ಪ ಎಷ್ಟೇ ಇದ್ದರೂ, ನಿಷೇಧಿಸಿತು. ಕೇಂದ್ರದ 2016ರ ನಿಯಮಗಳು 50 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೆಳುವಾದ ಚೀಲಗಳನ್ನು ತಡೆದವು. 2021ರ ಸೆಪ್ಟೆಂಬರ್ 30ರಿಂದ ಆ ಮಿತಿ 75 ಮೈಕ್ರಾನ್ ಆಯಿತು, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಆಯಿತು. ಆದರೆ ಆ ನಿಯಮಗಳ ಪ್ರಕಾರ ಕ್ಯಾರಿ ಬ್ಯಾಗ್ ಎಂದರೆ ಹಿಡಿದೊಯ್ಯುವ ಅನುಕೂಲ ತನ್ನಲ್ಲೇ ಇರುವ ಚೀಲ. ಸರಕನ್ನು ಮೊದಲೇ ತುಂಬಿ ಮುಚ್ಚಿದ ಪ್ಯಾಕಿಂಗ್ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅಕ್ಕ ಗಂಟು ಹಾಕುತ್ತಿದ್ದ ಹಿಡಿಕೆಯಿಲ್ಲದ ಕವರ್‌ಗಳು ಈ ಎರಡರ ನಡುವಿನ ಸಂದಿಯಲ್ಲಿ ಬದುಕಿಕೊಂಡಿವೆ. ತಪಾಸಣೆಗೆ ಬಂದವರ ಕಣ್ಣು ಮೊದಲು ಹೋಗುವುದು ಗೋಡೆಯ ಮೊಳೆಗೆ ತೂಗುಹಾಕಿದ ಹಿಡಿಕೆಯ ಕವರ್‌ಗಳ ಕಟ್ಟಿಗೆ.

ಒಳಕವರ್‌ಗಳ ಗತಿ ಹೊರಕವರ್‌ಗಿಂತ ಕೆಟ್ಟದ್ದು ಎಂಬುದನ್ನು ಇಲ್ಲಿ ಹೇಳಲೇಬೇಕು. ಹೊರಕವರ್ ಮನೆಯಲ್ಲಿ ಇನ್ನೊಂದೆರಡು ಸಲವಾದರೂ ಉಪಯೋಗಕ್ಕೆ ಬರುತ್ತದೆ. ಒಳಗಿನದನ್ನು ಗಂಟು ಬಿಚ್ಚುವ ತಾಳ್ಮೆಯಿಲ್ಲದೆ ಹರಿದೇ ತೆಗೆಯುತ್ತೇವೆ, ಆಮೇಲೆ ಅದು ಕಸವಲ್ಲದೆ ಬೇರೇನೂ ಅಲ್ಲ. ಎರಡು ಮೂರು ಗ್ರಾಂ ತೂಕದ ಕವರ್‌ಗಳನ್ನು ಒಂದು ಕಿಲೋ ಆಗುವಷ್ಟು ಕೂಡಿಸಬೇಕಾದರೆ ಮುನ್ನೂರಕ್ಕೂ ಹೆಚ್ಚನ್ನು ಆರಿಸಬೇಕು. ಅವುಗಳಿಗೆ ಎಣ್ಣೆ, ಹಿಟ್ಟು, ಬೆಲ್ಲದ ಅಂಟು ಹತ್ತಿರುತ್ತದೆ. ಹಾಲಿನ ಕವರ್ ಮತ್ತು ನೀರಿನ ಬಾಟಲಿಗಳನ್ನು ಕೊಳ್ಳುವ ಗುಜರಿಯವರು ಇವುಗಳನ್ನು ಮುಟ್ಟುವುದಿಲ್ಲ. ಮಳೆ ಬಂದಾಗ ಇವು ಚರಂಡಿಯ ಜಾಲರಿಗೆ ಪದರ ಪದರವಾಗಿ ಅಂಟಿ ನೀರನ್ನು ರಸ್ತೆಗೆ ತಿರುಗಿಸುತ್ತವೆ. ಊಟದ ವಾಸನೆ ಹಿಡಿದ ಕವರ್‌ಗಳನ್ನು ಬೀದಿಯ ಹಸುಗಳು ನುಂಗುತ್ತವೆ. ಪ್ಲಾಸ್ಟಿಕ್ ಅವುಗಳ ಮೊದಲ ಹೊಟ್ಟೆಯಲ್ಲಿ ಜೀರ್ಣವಾಗದೆ, ಮುಂದಕ್ಕೂ ಸಾಗದೆ, ಉಂಡೆಗಟ್ಟಿ ಮೇವಿಗೆ ಜಾಗವಿಲ್ಲದಂತೆ ಮಾಡುತ್ತದೆ, ಕೊನೆಗೆ ಹೊಟ್ಟೆ ಕೊಯ್ದು ತೆಗೆಯುವುದೊಂದೇ ದಾರಿಯಾಗುತ್ತದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲನೆಯದಾದ ಊರು ನಮ್ಮದು. ಇಲ್ಲಿ ಪೌರಕಾರ್ಮಿಕರು ಬೆಳಗಿನ ಚಳಿಯಲ್ಲಿ ಬಂದು ಹಸಿ ಕಸ, ಒಣ ಕಸ ಬೇರೆ ಬೇರೆಯಾಗಿ ಒಯ್ಯುತ್ತಾರೆ. ಅವರ ಕೈಗೆ ಈ ಅಂಟು ಕವರ್‌ಗಳ ಮುದ್ದೆಯನ್ನು ಕೊಡುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಮಧ್ಯಾಹ್ನದ ಊಟ ಮಾಡುತ್ತಾ ಹಿಂದೆ ಹೇಗೆ ನಡೆಯುತ್ತಿತ್ತು ಎಂದು ನಾವಿಬ್ಬರೂ ನೆನಪು ಮಾಡಿಕೊಂಡೆವು. ನಮ್ಮ ಚಿಕ್ಕಂದಿನಲ್ಲಿ ಅಂಗಡಿಯವರು ಹಳೆಯ ಪತ್ರಿಕೆಯ ಹಾಳೆಯನ್ನು ಸುರುಳಿ ಸುತ್ತಿ, ಬೇಳೆ ತುಂಬಿ, ಮೇಲೆ ಜೋತುಬಿದ್ದ ದಾರದ ಉಂಡೆಯಿಂದ ದಾರ ಎಳೆದು ಪೊಟ್ಟಣ ಕಟ್ಟುತ್ತಿದ್ದರು. ಆ ಪದ್ಧತಿಯನ್ನೇ ಮತ್ತೆ ತಂದರಾಯಿತು ಎನ್ನುವವರು ಬಹಳ ಜನರಿದ್ದಾರೆ, ಆದರೆ ಅದು ಅಷ್ಟು ಸುಲಭವಲ್ಲ. ಮುದ್ರಣದ ಶಾಯಿಯಲ್ಲಿರುವ ಸೀಸದಂಥ ವಸ್ತುಗಳು ಆಹಾರಕ್ಕೆ ಸೇರುತ್ತವೆ ಎಂಬ ಕಾರಣಕ್ಕೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ತಿನ್ನುವ ಪದಾರ್ಥವನ್ನು ಪತ್ರಿಕೆಯಲ್ಲಿ ಕಟ್ಟುವುದನ್ನು ನಿಷೇಧಿಸಿವೆ. ಹಾಗಾಗಿ ಅಚ್ಚಿಲ್ಲದ ಕಂದು ಕಾಗದದ ಪೊಟ್ಟಣವೇ ಆಗಬೇಕು, ಅದು ಪ್ಲಾಸ್ಟಿಕ್ ಕವರ್‌ಗಿಂತ ದುಬಾರಿ, ತೇವಕ್ಕೆ ಹರಿಯುತ್ತದೆ. ಮಲ್ಲಿಗೆಯ ಮಾಲೆಯನ್ನು ಬಾಳೆಲೆಯಲ್ಲಿ ಸುತ್ತಿ ಕೊಡುವ ನಮ್ಮ ಹೂವಿನವರ ಕ್ರಮ ಮಾತ್ರ ಇಂದಿಗೂ ಎಲ್ಲ ರೀತಿಯಲ್ಲೂ ಸರಿಯಾದದ್ದು, ಆದರೆ ಸಕ್ಕರೆಯನ್ನು ಬಾಳೆಲೆಯಲ್ಲಿ ಕಟ್ಟಲಾಗುವುದಿಲ್ಲ.

ದಾರಿ ತೋರಿಸಿದವರು ಮೂರು ಗಂಟೆಯ ಹೊತ್ತಿಗೆ ಬಂದ ಒಬ್ಬ ಅಜ್ಜಿ. ಅವರ ದೊಡ್ಡ ಚೀಲದೊಳಗೆ ಹಳೆಯ ಪಂಚೆಯಲ್ಲಿ ಹೊಲಿದ, ಬಾಯಿಗೆ ಲಾಡಿ ಸೇರಿಸಿದ ಪುಟ್ಟ ಪುಟ್ಟ ಚೀಲಗಳಿದ್ದವು, ಎಣ್ಣೆಗೆಂದು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬವಿತ್ತು. "ಕಟ್ಟಿಟ್ಟಿರೋದು ಬೇಡ ಕಣಮ್ಮ, ಮೂಟೆಯಿಂದಲೇ ಹಾಕು, ಕಾಳು ಹೇಗಿದೆ ಅಂತ ನೋಡಬಹುದು" ಎಂದು ಅಕ್ಕನಿಗೆ ಹೇಳಿದರು. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಖಾಲಿ ಚೀಲವಿಟ್ಟು ಗುಂಡಿಯೊತ್ತಿ ತೂಕವನ್ನು ಸೊನ್ನೆಗೆ ತಂದು ಆಮೇಲೆ ಬೇಳೆ ಸುರಿದರೆ ಲೆಕ್ಕ ಸರಿಯಾಗುತ್ತದೆ. ಹೆಚ್ಚೇನೂ ಹೊತ್ತು ಹಿಡಿಯಲಿಲ್ಲ. ಅವರು ಬಂದದ್ದು ಅಂಗಡಿಯಲ್ಲಿ ಜನವಿಲ್ಲದ ವೇಳೆ, ಅದನ್ನು ತಿಳಿದೇ ಬಂದಿದ್ದರು. ತಿಂಗಳ ಸಾಮಾನಿಗೆ ಸಂಜೆಯ ಗದ್ದಲದಲ್ಲಿ ಬರುವುದನ್ನು ಬಿಟ್ಟು ಮಧ್ಯಾಹ್ನ ಬಂದರೆ ಅಂಗಡಿಯವರು ಗಿರಾಕಿಯ ಚೀಲಕ್ಕೇ ತೂಗಿ ಹಾಕಬಲ್ಲರು. ಪರಿಸರದ ಬಗೆಗಿನ ಎಷ್ಟೋ ಭಾಷಣಗಳಲ್ಲಿ ಕೇಳದ ಈ ಸಣ್ಣ ವಿಷಯ ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯವಾದದ್ದು.

ಆ ಚೀಲಗಳು ಹಳೆಯ ಪಂಚೆಯವು ಎಂಬುದೂ ಮುಖ್ಯ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹತ್ತಿ ಬೆಳೆಯುವುದರಿಂದ ನೇಯುವವರೆಗಿನ ಎಲ್ಲ ಹೊರೆಯನ್ನೂ ಎಣಿಸಿದರೆ ಹೊಸ ಹತ್ತಿಯ ಚೀಲವೊಂದನ್ನು 131 ಸಲ ಬಳಸಿದ ಮೇಲೆ ಮಾತ್ರ ಅದು ಹವಾಮಾನದ ಲೆಕ್ಕದಲ್ಲಿ ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಕ್ಕಿಂತ ಮೇಲಾಗುತ್ತದೆ ಎಂದು ಕಂಡುಬಂದಿತು. ಮದುವೆ, ಉದ್ಘಾಟನೆಗಳಲ್ಲಿ ಹಂಚುವ ಹೊಸ ಚೀಲಗಳನ್ನು ಬೀರುವಿನಲ್ಲಿ ರಾಶಿ ಹಾಕಿಕೊಂಡರೆ ಪ್ರಯೋಜನವಿಲ್ಲ. ಮನೆಯಲ್ಲಿ ಸವೆದ ಬಟ್ಟೆಯಿಂದ ಹೊಲಿದು, ಅದು ಹರಿಯುವವರೆಗೆ ಬಳಸಬೇಕು. ಬಟ್ಟೆಯಂತೆಯೇ ಕಾಣುವ ಬಣ್ಣಬಣ್ಣದ ನಾನ್ ವೋವನ್ ಚೀಲಗಳ ವಿಷಯವನ್ನೂ ಹೇಳಬೇಕು. ಅವು ಪಾಲಿಪ್ರೊಪಿಲೀನ್ ಎಳೆಗಳವು, ಅಂದರೆ ಪ್ಲಾಸ್ಟಿಕ್ಕೇ.

ಸಂಜೆ ಆರರ ನಂತರ ಬಂದವರಲ್ಲಿ ಹೆಚ್ಚಿನವರು ಕೆಲಸದಿಂದ ನೇರವಾಗಿ ಸ್ಕೂಟರಿನಲ್ಲಿ ಬಂದವರು. ಮೊಟ್ಟೆ, ಬ್ರೆಡ್, ದೋಸೆ ಹಿಟ್ಟು, ಟೊಮೆಟೊ. ಇವರ ಮನೆಗಳಲ್ಲಿ ಚೀಲಗಳಿಲ್ಲವೆಂದಲ್ಲ, ಬೇಕಾದ ಹೊತ್ತಿನಲ್ಲಿ ಅವು ಅಡುಗೆಮನೆಯ ಬಾಗಿಲ ಹಿಂದೆ ತೂಗುತ್ತಿರುತ್ತವೆ. ಒಬ್ಬ ಯುವಕನಿಗೆ, "ಡಿಕ್ಕಿಯಲ್ಲಿ ಚೀಲವೇನಾದರೂ ಇದೆಯಾ ನೋಡಪ್ಪ" ಎಂದೆ. ಸೀಟೆತ್ತಿ ನೋಡಿದಾಗ ಮಳೆಯಂಗಿಯ ಕೆಳಗೆ ಮಡಿಸಿದ ಚೀಲ ಸಿಕ್ಕಿತು. ಅವನ ತಾಯಿ ಯಾವಾಗಲೋ ಇಟ್ಟಿದ್ದರಂತೆ. ಆಮೇಲೆ ನಾನು ಸಾಮಾನು ತೂಗುವ ಮುನ್ನವೇ, ಗಿರಾಕಿ ಬಂದು ನಿಂತ ಕೂಡಲೇ, "ಚೀಲ ತಂದಿದ್ದೀರಾ?" ಎಂದು ಕೇಳತೊಡಗಿದೆ. ಬೆಳಿಗ್ಗೆ ಕೊನೆಯಲ್ಲಿ ಕೇಳಿದ ಪ್ರಶ್ನೆಗೂ ಈಗ ಮೊದಲಲ್ಲಿ ಕೇಳಿದ ಪ್ರಶ್ನೆಗೂ ದೊರೆತ ಉತ್ತರಗಳೇ ಬೇರೆಯಾಗಿದ್ದವು. ಕೆಲವರು ಗಾಡಿಯ ಹತ್ತಿರ ಹೋಗಿ ತಂದರು, ಕೆಲವರು ಆಫೀಸಿನ ಬ್ಯಾಗಿನಲ್ಲೇ ಜಾಗ ಮಾಡಿಕೊಂಡರು, ಇಬ್ಬರು ಗೃಹಿಣಿಯರು ಟೊಮೆಟೊ, ಈರುಳ್ಳಿಯನ್ನು ಬೇರೆ ಬೇರೆ ಕಟ್ಟುವುದು ಬೇಡ, ಒಟ್ಟಿಗೇ ಹಾಕಿ ಎಂದರು. ಅದರಿಂದ ಒಳಕವರ್‌ಗಳೂ ಉಳಿದವು.

ರಾತ್ರಿ ಊರಿನಿಂದ ಮರಳಿದ ಭಾವನವರ ಬಳಿ ಈ ವಿಷಯ ಎತ್ತಿದೆ. ಅವರಿಗೆ ಪ್ಲಾಸ್ಟಿಕ್ ಮೇಲೆ ಪ್ರೀತಿಯೇನೂ ಇಲ್ಲ. ಸಂತೆಪೇಟೆಯಿಂದ ಕಿಲೋ ಲೆಕ್ಕದಲ್ಲಿ ತರುವ ಕವರ್‌ಗಳಿಗೆ ತಿಂಗಳಿಗೆ ಆಗುವ ಖರ್ಚು ಅಂಗಡಿಯ ಕರೆಂಟ್ ಬಿಲ್ಲಿಗಿಂತ ಹೆಚ್ಚು ಎಂದು ಅವರೇ ಹೇಳಿದರು. "ನಾನೊಬ್ಬ ಕೊಡಲ್ಲ ಅಂದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ. ಎಲ್ಲರೂ ಸೇರಿ ನಿಲ್ಲಿಸಿದ್ರೆ ನನಗೆ ಲಾಭವೇ" ಎಂದರು. ಚಿಕ್ಕ ವ್ಯಾಪಾರಿಗಳ ಈ ಭಯವನ್ನು ಯಾರೂ ಹಗುರವಾಗಿ ಕಾಣಬಾರದು. ಬೇರೆ ದೇಶಗಳಲ್ಲಿ ಯಶಸ್ಸು ಕಂಡ ಕ್ರಮಗಳು ಈ ಭಯವನ್ನೇ ಮೊದಲು ತೆಗೆದುಹಾಕಿದವು. ಐರ್ಲೆಂಡ್ 2002ರಲ್ಲಿ ಪ್ರತಿ ಚೀಲಕ್ಕೆ 15 ಸೆಂಟ್ ತೆರಿಗೆಯನ್ನು ಎಲ್ಲ ಅಂಗಡಿಗಳಿಗೂ ಒಂದೇ ದಿನ ಹೇರಿದಾಗ ಚೀಲಗಳ ಬಳಕೆ ಶೇ. 90ರಷ್ಟು ಕುಸಿಯಿತು; ಜಪಾನ್ 2020ರ ಜುಲೈ 1ರಿಂದ ಮೂಲೆ ಮೂಲೆಯ ಪುಟ್ಟ ಅಂಗಡಿಗಳೂ ಸೇರಿದಂತೆ ಎಲ್ಲೆಡೆ ಪ್ಲಾಸ್ಟಿಕ್ ಚೀಲಕ್ಕೆ ಹಣ ಪಡೆಯುವುದನ್ನು ಕಡ್ಡಾಯ ಮಾಡಿತು. ಎಲ್ಲರಿಗೂ ಒಂದೇ ನಿಯಮವಾದಾಗ ಯಾವ ಅಂಗಡಿಯವನೂ ಗಿರಾಕಿಯ ಮುಂದೆ ಜಿಪುಣನಾಗಬೇಕಿಲ್ಲ.

ನಮ್ಮ ರಸ್ತೆಯ ಮಟ್ಟಿಗೆ ಭಾವನವರು ಅಕ್ಕಪಕ್ಕದ ಅಂಗಡಿಯವರನ್ನು ಮಾತನಾಡಿಸಿದರು. ತರಕಾರಿ ಅಂಗಡಿಯವರು ಒಪ್ಪಿದರು, ಔಷಧಿ ಅಂಗಡಿಯಲ್ಲಿ ಮೊದಲಿನಿಂದಲೂ ಕಂದು ಕಾಗದದ ಕವರ್, ಬೇಕರಿಯವರು ಇನ್ನೂ ಯೋಚಿಸುತ್ತಿದ್ದಾರೆ. ಅಕ್ಕ ಹಳೆಯ ಸೀರೆ, ಬೆಡ್‌ಶೀಟುಗಳಿಂದ ಚೀಲ ಹೊಲಿಸಿ ಅಂಗಡಿಯ ಮುಂದೆ ತೂಗುಹಾಕಿದ್ದಾಳೆ. ಸುಮ್ಮನೆ ಕೊಟ್ಟಾಗ ಅವು ಹಿಂತಿರುಗಲಿಲ್ಲ. ಹತ್ತು ರೂಪಾಯಿ ಠೇವಣಿ ಇರಿಸಿಕೊಂಡು, ಚೀಲ ತಂದುಕೊಟ್ಟಾಗ ಹಣ ಮರಳಿಸುವ ಕ್ರಮ ಮಾಡಿದ ಮೇಲೆ ಹೆಚ್ಚಿನವು ಬರುತ್ತಿವೆ. ಬೇಳೆಕಾಳುಗಳನ್ನು ಮೊದಲಿನಷ್ಟು ಕಟ್ಟಿಡುತ್ತಿಲ್ಲ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮೂಟೆಯಿಂದ ತೂಗಿ ಗಿರಾಕಿಯ ಚೀಲಕ್ಕೇ ಹಾಕುತ್ತಾರೆ. ಕಗ್ಗಂಟಾಗಿ ಉಳಿದಿರುವುದು ದೋಸೆ ಹಿಟ್ಟು. ಅದನ್ನು ಕಾಗದಕ್ಕೂ ಹಾಕಲಾಗದು, ಬಟ್ಟೆಗೂ ಹಾಕಲಾಗದು. ಸ್ಟೀಲ್ ಡಬ್ಬ ತಂದವರಿಗೆ ಕಿಲೋಗೆ ಎರಡು ರೂಪಾಯಿ ಕಡಿಮೆ ಎಂದು ಅಕ್ಕ ಫಲಕ ಬರೆದು ಹಾಕಿದ್ದಾಳೆ. ಬೆಳಗಿನ ಗಿರಾಕಿಗಳು ಕೆಲವರು ತರುತ್ತಿದ್ದಾರೆ, ಸಂಜೆ ಕೆಲಸದಿಂದ ನೇರವಾಗಿ ಬರುವವರಿಗೆ ಇನ್ನೂ ಕವರಿನಲ್ಲೇ ಕೊಡಬೇಕಾಗಿದೆ.